ಹಾಕಿಕೊಳ್ಳಲು ಪುಕ್ಕಟೆ, ಒಳಗೆ ಬೆಲೆಪಟ್ಟಿ: ಆ್ಯಪ್ ಖರೀದಿ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಡಿಕೆ ಧಾರಣೆ ತೋರಿಸುವ ಆ್ಯಪ್ ಒಂದನ್ನು ಪ್ಲೇ ಸ್ಟೋರ್‌ನಿಂದ ಹಾಕಿಕೊಂಡೆ. ಆಗ ಬೆಲೆ ಅಂತ ಏನೂ ಕಾಣಲಿಲ್ಲ. ಒಂದು ವಾರ ರಾಶಿ, ಬೆಟ್ಟೆ, ಸರಕು, ಗೊರಬಲು ಎಲ್ಲದರ ದರವೂ ಬಂತು. ಎಂಟನೇ ದಿನ ‘ಮುಂದೆ ನೋಡಲು ತಿಂಗಳಿಗೆ 149 ರೂಪಾಯಿ’ ಅಂತ ಪರದೆ ಅಡ್ಡ ಬಂತು. ಉಚಿತ ಅಂತ ಹೇಳಿ ದುಡ್ಡು ಕೇಳುವುದು ಸರಿಯೇ?
– ಅಡಿಕೆ ಬೆಳೆಗಾರರು, ಸಾಗರ ತಾಲ್ಲೂಕು

ಉತ್ತರ: ಆ ಆ್ಯಪ್‌ನ ಪುಟವನ್ನು ಇನ್ನೊಮ್ಮೆ ತೆರೆದು ನೋಡಿ. ಗುಂಡಿಯ ಮೇಲೆ ‘ಇನ್‌ಸ್ಟಾಲ್’ ಎಂದಷ್ಟೇ ಇರುತ್ತದೆ, ‘ಉಚಿತ’ ಎಂದು ಇರುವುದಿಲ್ಲ. ಆ್ಯಪ್ ಹೆಸರು, ಅದರ ಕೆಳಗೆ ತಯಾರಕರ ಹೆಸರು, ಅದಕ್ಕೂ ಕೆಳಗೆ ಬೂದು ಬಣ್ಣದ ಸಣ್ಣಕ್ಷರದಲ್ಲಿ ಒಂದು ಸಾಲು: ‘ಜಾಹೀರಾತುಗಳಿವೆ’, ‘ಆ್ಯಪ್‌ನಲ್ಲಿನ ಖರೀದಿಗಳು’. ಫೋನ್ ಇಂಗ್ಲಿಷಿನಲ್ಲಿದ್ದರೆ ‘ಇನ್-ಆ್ಯಪ್ ಪರ್ಚೇಸಸ್’. ನಿಮ್ಮ 149 ರೂಪಾಯಿಯ ಮುನ್ಸೂಚನೆ ಇದ್ದದ್ದು ಆ ಸಾಲಿನಲ್ಲಿ. ಸಾಗರದ ಮಾರಿಜಾತ್ರೆಗೆ ಹೋಗಲು ಟಿಕೆಟ್ ಇಲ್ಲ, ತೊಟ್ಟಿಲು ಹತ್ತಲು ಇದೆ. ಸ್ಟೋರ್‌ನ ಲೆಕ್ಕವೂ ಅಷ್ಟೇ. ಗುಂಡಿಯ ಮೇಲೆ ಬೆಲೆ ಇಲ್ಲ ಅಂದರೆ ಹಾಕಿಕೊಳ್ಳಲು ದುಡ್ಡಿಲ್ಲ ಅಂತ ಮಾತ್ರ ಅರ್ಥ.

ಮೊದಲು ಈ ಸಾಲೂ ಇರಲಿಲ್ಲ. 2009ರ ಅಕ್ಟೋಬರ್‌ನಲ್ಲಿ ಆ್ಯಪಲ್ ಕಂಪನಿ ಉಚಿತ ಆ್ಯಪ್‌ಗಳ ಒಳಗೂ ಮಾರಾಟಕ್ಕೆ ಅವಕಾಶ ಕೊಟ್ಟಿತು. ಆದರೆ ಗುಂಡಿಯ ಮೇಲಿನ ‘ಫ್ರೀ’ ಹಾಗೇ ಉಳಿಯಿತು. ಮಕ್ಕಳು ಆಟದೊಳಗೆ ನಾಣ್ಯ, ರತ್ನ ಕೊಂಡು ಅಪ್ಪ-ಅಮ್ಮಂದಿರ ಕಾರ್ಡ್ ಖಾಲಿ ಮಾಡಿದ ದೂರುಗಳು ಸಾಲುಗಟ್ಟಿದವು. 2014ರಲ್ಲಿ ಅಮೆರಿಕ ಸರ್ಕಾರದ ಗ್ರಾಹಕ ರಕ್ಷಣಾ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್, ಗ್ರಾಹಕರಿಗೆ ಆ್ಯಪಲ್ ಕನಿಷ್ಠ 3.25 ಕೋಟಿ ಡಾಲರ್, ಗೂಗಲ್ ಕನಿಷ್ಠ 1.9 ಕೋಟಿ ಡಾಲರ್ ಮರಳಿಸುವಂತೆ ಒಪ್ಪಿಸಿತು. ಅದೇ ವರ್ಷ ಯುರೋಪಿಯನ್ ಕಮಿಷನ್ ಪಟ್ಟು ಹಿಡಿದ ಮೇಲೆ, ಒಳಗೆ ಖರೀದಿ ಇರುವ ಆಟಗಳಿಗೆ ‘ಫ್ರೀ’ ಎಂಬ ಪದ ಬಳಸುವುದಿಲ್ಲ ಎಂದು ಗೂಗಲ್ ಒಪ್ಪಿಕೊಂಡಿತು. ನವೆಂಬರ್‌ನಲ್ಲಿ ಆ್ಯಪಲ್ ಕೂಡ ‘ಫ್ರೀ’ ತೆಗೆದು ‘ಗೆಟ್’ ಎಂದು ಹಾಕಿತು. ಆದರೂ ಎರಡೂ ಸ್ಟೋರ್‌ಗಳ ‘ಟಾಪ್ ಫ್ರೀ’ ಪಟ್ಟಿಯಲ್ಲಿ ಆ ಪದ ಇವತ್ತಿಗೂ ಆರಾಮಾಗಿ ಕೂತಿದೆ.

ಸಣ್ಣ ಸಾಲು ನೋಡಿದರೆ ಸಾಲದು, ಬೆಲೆಯನ್ನೂ ನೋಡಬೇಕು. ಪ್ಲೇ ಸ್ಟೋರ್‌ನಲ್ಲಿ ‘ಈ ಆ್ಯಪ್ ಕುರಿತು’ ಪಕ್ಕದ ಬಾಣದ ಗುರುತು ಒತ್ತಿ ಕೊನೆಯವರೆಗೆ ಸರಿಸಿ. ಅಪ್‌ಡೇಟ್ ಆದ ದಿನಾಂಕ, ಡೌನ್‌ಲೋಡ್ ಸಂಖ್ಯೆಗಳ ಜೊತೆ ಖರೀದಿಯ ಬೆಲೆ ‘ಇಷ್ಟರಿಂದ ಇಷ್ಟು, ಪ್ರತಿ ಐಟಂಗೆ’ ಎಂದು ಇರುತ್ತದೆ. ಅದು ತಿಂಗಳಿಗೋ, ವರ್ಷಕ್ಕೋ, ಒಂದೇ ಸಲಕ್ಕೋ ಅಂತ ಅಲ್ಲಿ ತಿಳಿಯುವುದಿಲ್ಲ. ನಮಗೆ ಈ ಪಟ್ಟಿಯಲ್ಲಿ ಕಾಣುವ ದೊಡ್ಡ ಕೊರತೆ ಅದೇ. ಐಫೋನ್‌ನವರಿಗೆ ಈ ವಿಚಾರದಲ್ಲಿ ಅನುಕೂಲ ಹೆಚ್ಚು: ಪುಟದ ಕೆಳಗಿನ ಮಾಹಿತಿ ಭಾಗದಲ್ಲಿ ‘ಇನ್-ಆ್ಯಪ್ ಪರ್ಚೇಸಸ್’ ಒತ್ತಿದರೆ ಐಟಂ ಹೆಸರು ಮತ್ತು ಅದರ ಬೆಲೆ ಬೇರೆಬೇರೆಯಾಗಿ ಬರುತ್ತವೆ.

ಬೆಲೆಯ ಅಂತರದಿಂದಲೂ ಒಂದಿಷ್ಟು ಊಹಿಸಬಹುದು. ಒಂದೇ ಸಣ್ಣ ಮೊತ್ತ ಇದ್ದರೆ ಸಾಮಾನ್ಯವಾಗಿ ಜಾಹೀರಾತು ತೆಗೆಸಲು ಒಂದು ಸಲ ಕೊಡುವ ದುಡ್ಡು. ಹತ್ತಿಪ್ಪತ್ತು ರೂಪಾಯಿಯಿಂದ ಶುರುವಾಗಿ ಎಂಟೊಂಬತ್ತು ಸಾವಿರದವರೆಗೆ ಹೋಗಿದ್ದರೆ, ಅದು ಮತ್ತೆಮತ್ತೆ ಕೊಳ್ಳಲೆಂದೇ ಕಟ್ಟಿದ ಆಟ ಎಂದುಕೊಳ್ಳಿ. ಅಂಥದ್ದು ಮಕ್ಕಳ ಕೈಯಲ್ಲಿರುವ ಫೋನಿಗೆ ಬೇಡ.

ಇನ್ನು ಸರಿಯೇ ಎಂಬ ಪ್ರಶ್ನೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ‘ಡಾರ್ಕ್ ಪ್ಯಾಟರ್ನ್’ (ಆ್ಯಪ್, ಜಾಲತಾಣಗಳಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸ) ಮಾರ್ಗಸೂಚಿಯಲ್ಲಿ 13 ಬಗೆಯ ಮೋಸಗಳನ್ನು ಪಟ್ಟಿ ಮಾಡಿದೆ. ಮುಂದುವರಿಸಲು ಒಳಗೆ ಖರೀದಿ ಮಾಡಲೇಬೇಕು ಎಂಬುದನ್ನು ಸರಿಯಾಗಿ ತಿಳಿಸದೆ ಉಚಿತ ಎಂದು ಜಾಹೀರಾತು ಮಾಡುವುದು ‘ಡ್ರಿಪ್ ಪ್ರೈಸಿಂಗ್’ ಎಂಬ ಬಗೆಯಲ್ಲಿ ಬರುತ್ತದೆ. ಅಲ್ಲಿ ಕೊಟ್ಟಿರುವ ಉದಾಹರಣೆ ನಿಮ್ಮದರಂತೆಯೇ ಇದೆ: ಉಚಿತವಾಗಿ ಚೆಸ್ ಆಡಿ ಎಂದು ಹೇಳಿ, 7 ದಿನದ ಬಳಿಕ ಹಣ ಕೇಳುವ ಆ್ಯಪ್. ಹಾಗಾಗಿ ಆ್ಯಪ್‌ನ ವಿವರಣೆಯನ್ನು ಪೂರ್ತಿ ಓದಿ. ‘7 ದಿನ ಉಚಿತ, ಆಮೇಲೆ ಶುಲ್ಕ’ ಎಂದು ಬರೆದಿದ್ದರೆ ನಿಮ್ಮ ದೂರು ನಿಲ್ಲುವುದು ಕಷ್ಟ. ಎಲ್ಲೂ ಬರೆಯದೆ ‘ಸಂಪೂರ್ಣ ಉಚಿತ’ ಎಂದಿದ್ದರೆ ಆ ಪುಟದ ಮತ್ತು ಹಣ ಕೇಳಿದ ಪರದೆಯ ಸ್ಕ್ರೀನ್‌ಶಾಟ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಅಂದಹಾಗೆ, ದಿನದ ಮಾರುಕಟ್ಟೆ ದರ ರಾಜ್ಯ ಕೃಷಿ ಮಾರಾಟ ಇಲಾಖೆಯ ‘ಕೃಷಿ ಮಾರಾಟ ವಾಹಿನಿ’ ಜಾಲತಾಣದಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಬರೀ ಧಾರಣೆಗೆ ತಿಂಗಳಿಗೆ 149 ಕೊಡಬೇಕೇ, ನೀವೇ ಯೋಚಿಸಿ.

ಪ್ರಶ್ನೆ: ಬೇಸಿಗೆ ರಜೆಗೆ ಬಂದ ಮೊಮ್ಮಗ ನನ್ನ ಫೋನಿನಲ್ಲಿ ಆಟ ಆಡುತ್ತಾ 1,800 ರೂಪಾಯಿಯ ಏನೇನೋ ಕೊಂಡಿದ್ದಾನೆ. ನನಗೆ ಓಟಿಪಿಯೇ ಬರಲಿಲ್ಲ. ಹಣ ವಾಪಸ್ ಬರುತ್ತದೆಯೇ?
– ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ

ಉತ್ತರ: ಮೊದಲು ಗಡಿಯಾರ ನೋಡಿ ಅಮ್ಮಾ. ಖರೀದಿಯಾಗಿ 48 ಗಂಟೆ ಕಳೆದಿಲ್ಲವಾದರೆ ಗೂಗಲ್‌ಗೇ ಕೇಳಬಹುದು. ಬ್ರೌಸರ್‌ನಲ್ಲಿ ಪ್ಲೇ ಸ್ಟೋರ್ ಜಾಲತಾಣ ತೆರೆದು, ನಿಮ್ಮ ಚಿತ್ರ ಒತ್ತಿ, ‘ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಶನ್ಸ್’, ಅದರೊಳಗೆ ‘ಬಜೆಟ್ ಆ್ಯಂಡ್ ಆರ್ಡರ್ ಹಿಸ್ಟರಿ’ಗೆ ಹೋಗಿ. ಒಂದೊಂದು ಖರೀದಿಗೂ ಬೇರೆ ಬೇರೆ ಅರ್ಜಿ ಹಾಕಬೇಕು. ಮನೆಯ ಮಗು ತಿಳಿಯದೆ ಕೊಂಡದ್ದು ಎಂಬ ಕಾರಣವನ್ನೇ ಆರಿಸಿ. ‘ಯಾರೋ ಕದ್ದು ಬಳಸಿದ್ದಾರೆ’ ಎಂದು ಹಾಕಬೇಡಿ. ಅದು ಅಪರಿಚಿತರ ವಂಚನೆಗೆ ಇರುವ ಬೇರೆ ದಾರಿ. ಉತ್ತರ ಒಂದರಿಂದ ನಾಲ್ಕು ದಿನದೊಳಗೆ ಬರುತ್ತದೆ. 48 ಗಂಟೆ ದಾಟಿದ್ದರೆ ಆಟದ ತಯಾರಕರಿಗೆ ಇಮೇಲ್ ಮಾಡಬೇಕು. ವಿಳಾಸ ಆ್ಯಪ್ ಪುಟದಲ್ಲೇ ಇರುತ್ತದೆ, ಆದರೆ ಕೊಡುವುದು ಬಿಡುವುದು ಅವರ ನಿಯಮಕ್ಕೆ ಬಿಟ್ಟದ್ದು.

ಓಟಿಪಿ ಏಕೆ ಬರಲಿಲ್ಲ? ಪ್ಲೇ ಬ್ಯಾಲೆನ್ಸ್‌ನಲ್ಲಿ, ಅಂದರೆ ಪ್ಲೇ ಸ್ಟೋರ್ ಖಾತೆಯಲ್ಲೇ ಹಣ ಇದ್ದಿದ್ದರೆ, ಅದು ಬ್ಯಾಂಕಿನ ಹತ್ತಿರ ಹೋಗದೆ ಅಲ್ಲೇ ಖರ್ಚಾಗುತ್ತದೆ. ಯುಪಿಐ ಆಗಿದ್ದರೆ ಓಟಿಪಿ ಇಲ್ಲ, ಸಾಮಾನ್ಯವಾಗಿ ಪಿನ್ ಕೇಳುತ್ತದೆ. ಅಜ್ಜಿ ಒತ್ತುವ ಪಿನ್ ಮೊಮ್ಮಕ್ಕಳಿಗೆ ಬಾಯಿಪಾಠ ಆಗಿರುತ್ತದೆ.

ಮುಂದಕ್ಕೆ ಹೀಗೆ ಮಾಡಿ: ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಖರೀದಿ ದೃಢೀಕರಣ ಎಂಬ ಆಯ್ಕೆ ಹುಡುಕಿ, ‘ಪ್ರತಿ ಖರೀದಿಗೂ’ ಎಂದು ಇಡಿ. ಅಲ್ಲಿ ‘ಪ್ರತಿ 30 ನಿಮಿಷಕ್ಕೆ’ ಎಂಬುದೂ ಇರುತ್ತದೆ. ಒಮ್ಮೆ ಪಾಸ್‌ವರ್ಡ್ ಕೊಟ್ಟ ಮೇಲಿನ ಆ ಅರ್ಧ ಗಂಟೆಯಲ್ಲಿ ಮಗು ಎಷ್ಟು ಸಲ ಬೇಕಾದರೂ ಕೊಳ್ಳಬಹುದು. ಅಮೆರಿಕದ ದೂರುಗಳಿಗೆ ಮೂಲವೂ ಇಂಥ ಬಿಡುವೇ. ಐಫೋನ್‌ನಲ್ಲಾದರೆ ಸ್ಕ್ರೀನ್ ಟೈಮ್‌ನ ಕಂಟೆಂಟ್ ಆ್ಯಂಡ್ ಪ್ರೈವಸಿ ನಿರ್ಬಂಧದಲ್ಲಿ ಇನ್-ಆ್ಯಪ್ ಪರ್ಚೇಸ್ ಅನ್ನು ‘ಡೋಂಟ್ ಅಲೌ’ ಮಾಡಿದರೆ ಮುಗಿಯಿತು.

ಪ್ರಶ್ನೆ: ಫೋಟೊ ತಿದ್ದುವ ಆ್ಯಪ್ ತೆಗೆದುಹಾಕಿ ಮೂರು ತಿಂಗಳಾಯಿತು. ತಿಂಗಳು ತಿಂಗಳು ಹಣ ಹೋಗುತ್ತಲೇ ಇದೆ.
– ಹೊಸನಗರ

ಉತ್ತರ: ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಚಂದಾ ಇರುವುದು ನಿಮ್ಮ ಗೂಗಲ್ ಖಾತೆಯಲ್ಲಿ, ಫೋನಿನಲ್ಲಲ್ಲ. ಪ್ಲೇ ಸ್ಟೋರ್‌ನ ಅದೇ ಪೇಮೆಂಟ್ಸ್ ಭಾಗದಲ್ಲಿ ‘ಸಬ್‌ಸ್ಕ್ರಿಪ್ಶನ್ಸ್’ಗೆ ಹೋಗಿ ರದ್ದು ಮಾಡಿ. ಪಟ್ಟಿಯಲ್ಲಿ ಕಾಣಿಸದಿದ್ದರೆ ಬೇರೆ ಜಿಮೇಲ್‌ನಿಂದ ಕೊಂಡಿರಬಹುದು. ಖಾತೆ ಬದಲಿಸಿ ನೋಡಿ. ಆಮೇಲೆ ಯುಪಿಐ ಆ್ಯಪ್‌ನ ‘ಆಟೊಪೇ’ ವಿಭಾಗದಲ್ಲಿ ಆ ಹೆಸರಿನ ಮ್ಯಾಂಡೇಟ್ (ತಾನಾಗಿ ಹಣ ಕಡಿಯಲು ನೀವು ಕೊಟ್ಟ ಒಪ್ಪಿಗೆ) ಉಳಿದಿದೆಯೇ ಪರೀಕ್ಷಿಸಿ, ಉಳಿದಿದ್ದರೆ ಅದನ್ನೂ ತೆಗೆಯಿರಿ. 15,000 ರೂಪಾಯಿ ಒಳಗಿನ ಆಟೊಪೇಗೆ ಮೊದಲ ಸಲ ಒಪ್ಪಿಗೆ ಕೊಟ್ಟ ಮೇಲೆ ಪ್ರತಿ ಕಂತಿಗೂ ಪಿನ್ ಕೇಳುವುದಿಲ್ಲ. ಆದರೆ ಹಣ ಕಡಿಯುವ 24 ಗಂಟೆ ಮುಂಚೆ ಸಂದೇಶ ಬರಬೇಕು ಎಂಬುದು ರಿಸರ್ವ್ ಬ್ಯಾಂಕ್ ನಿಯಮ. ಬೇರೆ ನೂರಾರು ಸಂದೇಶಗಳ ನಡುವೆ ಅದು ಕಣ್ಣಿಗೆ ಬೀಳದೆ ಹೋಗುವುದೇ ಹೆಚ್ಚು.

ಪ್ರಶ್ನೆ: ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದರೆ ಟವರೂ ಸಾಯುತ್ತದೆ. ಮಗಳ ಓದಿನ ಆ್ಯಪ್‌ಗೆ ಹಣ ಕಟ್ಟುವಾಗ ಹಾಗೇ ಆಯಿತು. ಖಾತೆಯಿಂದ ಹಣ ಹೋಗಿದೆ, ಪಾಠ ತೆರೆಯುತ್ತಿಲ್ಲ.
– ಆಗುಂಬೆ ಹತ್ತಿರದ ಹಳ್ಳಿ

ಉತ್ತರ: ಗಾಬರಿಯಲ್ಲಿ ಎರಡನೇ ಸಲ ಕಟ್ಟಬೇಡಿ. ನೆಟ್‌ವರ್ಕ್ ಸಿಗುವ ಜಾಗಕ್ಕೆ ಹೋಗಿ ಆ್ಯಪ್ ತೆರೆದು ಎರಡು ನಿಮಿಷ ಬಿಡಿ. ಆಗಲೂ ಆಗದಿದ್ದರೆ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ರಿಸ್ಟೋರ್ ಪರ್ಚೇಸಸ್’ ಇದ್ದರೆ ಒತ್ತಿ. ಕಟ್ಟಿದ ಜಿಮೇಲ್ ಖಾತೆಯೇ ಪ್ಲೇ ಸ್ಟೋರ್‌ನಲ್ಲಿ ಇರಬೇಕು, ಇಲ್ಲದಿದ್ದರೆ ಏನೂ ಮರಳುವುದಿಲ್ಲ. ಪಾಠ, ಚಂದಾದಂಥವು ಹೀಗೆ ಮರಳುತ್ತವೆ. ಆಟದ ನಾಣ್ಯದಂತೆ ಖರ್ಚಾಗುವ ವಸ್ತುಗಳು ಮರಳುವುದಿಲ್ಲ. ಖರೀದಿ ತಲುಪಿತು ಎಂದು ಆ್ಯಪ್ 3 ದಿನದೊಳಗೆ ಗೂಗಲ್‌ಗೆ ತಿಳಿಸದಿದ್ದರೆ ಗೂಗಲ್ ತಾನಾಗಿ ಹಣ ಮರಳಿಸುತ್ತದೆ. ದೂರು ಕೊಡುವಾಗ ಇಮೇಲ್‌ನ ರಸೀದಿಯಲ್ಲಿ ‘ಜಿಪಿಎ’ ಅಕ್ಷರಗಳಿಂದ ಶುರುವಾಗುವ ಆರ್ಡರ್ ಸಂಖ್ಯೆ ಕೊಡಿ. ಆ ರಸೀದಿಯೇ ಬಂದಿಲ್ಲವಾದರೆ ಹಣ ಗೂಗಲ್‌ವರೆಗೆ ಮುಟ್ಟಿರುವುದು ಅನುಮಾನ. ಬ್ಯಾಂಕಿನ ಯುಪಿಐ ದೂರು ವಿಭಾಗಕ್ಕೆ ಹೋಗಬೇಕಾಗುತ್ತದೆ.

ಪ್ರಶ್ನೆ: ‘ಆ್ಯಪ್‌ನಲ್ಲಿನ ಖರೀದಿಗಳು’ ಎಂಬ ಸಣ್ಣ ಸಾಲೇ ಇಲ್ಲದ ಆ್ಯಪ್ ಪೂರ್ತಿ ಪುಕ್ಕಟೆ ಅಂತ ನಂಬಬಹುದೇ?
– ಕಾಲೇಜು ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಇಲ್ಲ. ಆ ಸಾಲು ಹೇಳುವುದು ಆ್ಯಪ್‌ನೊಳಗೆ ಮಾರುವ ಡಿಜಿಟಲ್ ಸರಕಿನ ಬಗ್ಗೆ ಮಾತ್ರ: ಚಂದಾ, ಆಟದ ನಾಣ್ಯ, ಹೆಚ್ಚುವರಿ ಸೌಲಭ್ಯ. ಊಟ ತರಿಸುವ, ಬಸ್ ಟಿಕೆಟ್ ಕಾಯ್ದಿರಿಸುವ, ಕರೆಂಟ್ ಬಿಲ್ ಕಟ್ಟುವ, ಸಾಲ ಕೊಡುವ ಆ್ಯಪ್‌ಗಳಿಗೆ ಅದು ಬೇಕಿಲ್ಲ. ಅಲ್ಲಿ ಹಣ ಸ್ಟೋರ್ ಮೂಲಕ ಹೋಗುವುದಿಲ್ಲ, ಹಾಗಾಗಿ ಮೇಲೆ ಹೇಳಿದ 48 ಗಂಟೆಯ ಅರ್ಜಿಯೂ ಅವಕ್ಕೆ ನಡೆಯುವುದಿಲ್ಲ. ಸಾಲದ ಆ್ಯಪ್ ಆದರೆ ಸ್ಟೋರ್‌ನ ಗುರುತು ನೋಡುವುದನ್ನು ಬಿಟ್ಟು, ಸಾಲ ಕೊಡುವ ಬ್ಯಾಂಕ್ ಅಥವಾ ಹಣಕಾಸು ಸಂಸ್ಥೆಯ ಹೆಸರು ಆ್ಯಪ್ ಪುಟದಲ್ಲಿ ಇದೆಯೇ, ಆ ಹೆಸರು ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿದೆಯೇ ಎಂದು ನೋಡಿ.