ಗೆಳೆಯನ ಅಂತ್ಯಕ್ರಿಯೆಗೆ ಕೊಟ್ಟ ದುಡ್ಡು

ಇಂಗ್ಲೆಂಡಿಗೆ ಬಂದು ಎಂಟೇ ತಿಂಗಳು. ಅಷ್ಟರಲ್ಲಿ ಒಂದೇ ಮನೆಯಲ್ಲಿದ್ದ ಗೆಳೆಯ ತೀರಿಕೊಂಡ. ಅವನ ಅಪ್ಪ ಅಮ್ಮ ದೂರದಲ್ಲಿ, ಬರಲು ಆಗಲಿಲ್ಲ. ಅಂತ್ಯಕ್ರಿಯೆಯ ಬಿಲ್ ನಿಮ್ಮ ಕ್ರೆಡಿಟ್ ಕಾರ್ಡಿನಿಂದ ಹೋಯಿತು. ಆ ದುಡ್ಡು ವಾಪಸ್ ಸಿಗುತ್ತಾ, 'ಕೇಳಿದರೆ ತಪ್ಪಾಗುತ್ತಾ ಅಕ್ಕಾ' ಅಂತ ಬರೆದಿದ್ದೀರಿ.

ಖಂಡಿತ ತಪ್ಪಲ್ಲ. ಸತ್ತವರು ಬಿಟ್ಟುಹೋದ ಹಣ, ಆಸ್ತಿ ಎಲ್ಲವನ್ನೂ ಸೇರಿಸಿ ಇಲ್ಲಿ ಎಸ್ಟೇಟ್ ಅಂತಾರೆ. ಅದರಿಂದ ಅಂತ್ಯಕ್ರಿಯೆಯ ಖರ್ಚು ಮೊದಲು ತೀರಬೇಕು. ಅವನ ಕ್ರೆಡಿಟ್ ಕಾರ್ಡ್ ಬಾಕಿ, ಪರ್ಸನಲ್ ಲೋನ್ ಎಲ್ಲ ಆಮೇಲೆ. ಮನೆ ಮೇಲಿನ ಸಾಲದಂಥ ಅಡಮಾನದ ಸಾಲ ಮಾತ್ರ ಬೇರೆ. ಖರ್ಚು ಅವನ ಸ್ಥಿತಿಗತಿಗೆ ತಕ್ಕಂತೆ ಇರಬೇಕು, ಅಷ್ಟೇ. ಸರಳವಾಗಿ ಮಾಡಿದ್ದೀರಿ, ಹಾಗಾಗಿ ಚಿಂತೆ ಬೇಡ. ನಿಮ್ಮ ಓಡಾಟ, ರಜೆ ಹಾಕಿದ್ದರಿಂದ ಹೋದ ಸಂಬಳ ಇವನ್ನು ಮಾತ್ರ ಇದರಲ್ಲಿ ಸೇರಿಸಬೇಡಿ.

ಒಂದು ಮಾತು ಸರಿಯಾಗಿ ತಿಳಿದುಕೊಳ್ಳಿ. ನಿಮಗೆ ದುಡ್ಡು ಬರಬೇಕಾದ್ದು ಎಸ್ಟೇಟ್‌ನಿಂದ, ಅವನ ಅಪ್ಪ ಅಮ್ಮನ ಜೇಬಿನಿಂದ ಅಲ್ಲ. ಖಾತೆಯಲ್ಲಿ ಏನೂ ಇಲ್ಲದಿದ್ದರೆ ಅವರನ್ನು ಕೊಡಿ ಅನ್ನಲು ಆಗುವುದಿಲ್ಲ. ಅಂತ್ಯಕ್ರಿಯೆ ನಡೆಸಿಕೊಡುವ ಫ್ಯೂನರಲ್ ಡೈರೆಕ್ಟರ್ ಮುಂದೆ ಸಹಿ ಹಾಕಿದವರೇ ಆ ಬಿಲ್‌ಗೆ ಹೊಣೆ. ಇದನ್ನು ಸಹಿ ಹಾಕುವ ಮೊದಲು ಯಾರೂ ನಮಗೆ ಹೇಳುವುದಿಲ್ಲ, ನನಗೂ ಹೇಳಿರಲಿಲ್ಲ.

ಈಗ ಅವನ ಬ್ಯಾಂಕಿಗೆ ಹೋಗಿ. ಮರಣ ಪ್ರಮಾಣಪತ್ರ ಮತ್ತು ಬಿಲ್ ತೋರಿಸಿದರೆ, ಖಾತೆ ತಡೆಹಿಡಿದಿದ್ದರೂ ಅಂತ್ಯಕ್ರಿಯೆಯ ಹಣವನ್ನು ಬ್ಯಾಂಕುಗಳು ಸಾಮಾನ್ಯವಾಗಿ ಫ್ಯೂನರಲ್ ಡೈರೆಕ್ಟರ್‌ಗೆ ನೇರವಾಗಿ ಕೊಡುತ್ತವೆ. ಪ್ರೊಬೇಟ್, ಅಂದರೆ ಎಸ್ಟೇಟ್ ನೋಡಿಕೊಳ್ಳಲು ಕೋರ್ಟಿನ ಅನುಮತಿ, ಸಿಗುವವರೆಗೆ ಕಾಯಬೇಕಿಲ್ಲ. ಮೊದಲೇ ಕೈಯಿಂದ ಕಟ್ಟಿದ್ದರೆ, ರಸೀದಿ ನೋಡಿ ಕಟ್ಟಿದವರಿಗೇ ಕೊಡುವ ಬ್ಯಾಂಕುಗಳೂ ಇವೆ. ನಿಮ್ಮ ಹೆಸರಿನ ರಸೀದಿ ಮತ್ತು ಕಾರ್ಡ್ ಸ್ಟೇಟ್‌ಮೆಂಟ್ ಜೋಪಾನ.

ಬ್ಯಾಂಕ್ ಒಪ್ಪದಿದ್ದರೆ ಎಸ್ಟೇಟ್ ನೋಡಿಕೊಳ್ಳುವವರನ್ನು ಕೇಳಬೇಕು. ಅವನು ವಿಲ್ ಬರೆದಿಲ್ಲ, ಮದುವೆ ಆಗಿಲ್ಲ, ಮಕ್ಕಳಿಲ್ಲ ಅಂದಿದ್ದೀರಿ. ಹಾಗಿದ್ದರೆ ಇಲ್ಲಿನ ಕಾನೂನಿನಲ್ಲಿ ಅಪ್ಪ ಅಮ್ಮನೇ ವಾರಸುದಾರರು. ಅವರು ಅಲ್ಲಿಂದಲೇ ಪವರ್ ಆಫ್ ಅಟಾರ್ನಿ ಕೊಟ್ಟು ಇಲ್ಲಿರುವ ಯಾರಿಗಾದರೂ ಆ ಅನುಮತಿಗೆ ಅರ್ಜಿ ಹಾಕಲು ಹೇಳಬಹುದು. ಬಾಕಿ ಸಂಬಳ, ಬಾಡಿಗೆ ಮನೆಯ ಡಿಪಾಸಿಟ್ಟಿನಲ್ಲಿ ಅವನ ಪಾಲು, ಇವೂ ಎಸ್ಟೇಟ್‌ಗೆ ಸೇರುತ್ತವೆ. ಕಂಪನಿಯ ಪೆನ್ಶನ್‌ನಲ್ಲಿ ಬರುವ ಡೆತ್ ಇನ್ ಸರ್ವೀಸ್ (ಕೆಲಸದಲ್ಲಿದ್ದಾಗಲೇ ತೀರಿಕೊಂಡರೆ ಕೊಡುವ) ಹಣ ಸಾಮಾನ್ಯವಾಗಿ ಎಸ್ಟೇಟ್‌ನ ಹೊರಗಿರುತ್ತದೆ. ಅದನ್ನು ನಂಬಿಕೊಂಡು ಕೂರಬೇಡಿ.

ಸರ್ಕಾರದ ಫ್ಯೂನರಲ್ ಎಕ್ಸ್‌ಪೆನ್ಸಸ್ ಪೇಮೆಂಟ್‌ಗೆ ಅರ್ಜಿ ಹಾಕಿ ಅಂತ ಯಾರಾದರೂ ಹೇಳಬಹುದು. ಅದು ಸರ್ಕಾರದ ಕೆಲವು ಬೆನಿಫಿಟ್ (ನೆರವಿನ ಹಣ) ಪಡೆಯುವವರಿಗೆ ಮಾತ್ರ. ನಿಮ್ಮ ವೀಸಾದಲ್ಲಿ ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್, ಅಂದರೆ ಸರ್ಕಾರಿ ನೆರವು ಪಡೆಯುವಂತಿಲ್ಲ, ಅಂತ ಇದ್ದರೆ ಅದರ ಹತ್ತಿರ ಹೋಗಲೇಬೇಡಿ.

ಬೇಗ ಕೇಳಿ ಅಂತ ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. 11 ವರ್ಷದ ಹಿಂದೆ ಪಕ್ಕದ ಮನೆಯ ಅಜ್ಜಿಯ ಅಂತ್ಯಕ್ರಿಯೆಗೆ ನಾನೇ ದುಡ್ಡು ಕಟ್ಟಿದ್ದೆ. ಸಂಕೋಚದಿಂದ ಒಂದು ವರ್ಷ ಸುಮ್ನೆ ಇದ್ದೆ. ಅಷ್ಟರಲ್ಲಿ ಆಸ್ತಿ ಹಂಚಿ ಮುಗಿದಿತ್ತು. ಸರ್ಕಾರಿ ಪ್ರಕಟಣೆಗಳ ಪತ್ರಿಕೆ ಲಂಡನ್ ಗೆಜೆಟ್‌ನಲ್ಲಿ 'ಬಾಕಿ ಬರಬೇಕಾದವರು ಕೇಳಿ' ಅಂತ ನೋಟಿಸ್ ಕೊಟ್ಟು ಕನಿಷ್ಠ 2 ತಿಂಗಳು ಕಾದರೆ, ಗೊತ್ತಿಲ್ಲದ ಬಾಕಿಗೆ ಹಂಚಿದವರು ಹೊಣೆಯಲ್ಲ. ಹಣ ಪಡೆದವರ ಹತ್ತಿರ ಕೇಳುವ ಹಕ್ಕು ಉಳಿದಿತ್ತು, ಆದರೆ ದುಃಖದಲ್ಲಿದ್ದ ಆ ಮನೆಯವರ ಜೊತೆ ಜಗಳ ಮಾಡಲು ನನಗೆ ಮನಸ್ಸಾಗಲಿಲ್ಲ. ಮೊದಲೇ ಒಂದು ಪತ್ರ ಬರೆದಿದ್ದರೆ ಸಾಕಿತ್ತು.

ಈ ವಾರವೇ ಅವನ ಅಪ್ಪನಿಗೆ ಫೋನ್ ಮಾಡಿ. ಮಗನ ಕೊನೆಯ ದಿನಗಳ ಬಗ್ಗೆ ಅವರು ಕೇಳಿದ್ದನ್ನೆಲ್ಲ ಹೇಳಿ, ಅವಸರ ಬೇಡ. ಆಮೇಲೆ ಹೀಗೆ ಹೇಳಿ: 'ಅಂಕಲ್, ಖರ್ಚಿನ ಲೆಕ್ಕ, ರಸೀದಿ ಕಳಿಸುತ್ತೇನೆ. ನೀವು ಕೈಯಿಂದ ಕೊಡಬೇಕಾಗಿಲ್ಲ, ಅವನ ಖಾತೆಯಿಂದಲೇ ಬರುತ್ತದೆ. ನಿಮ್ಮ ಒಂದು ಸಹಿ ಬೇಕಾಗಬಹುದು.' ಅದನ್ನೇ ಅವತ್ತೇ ಇಮೇಲ್‌ನಲ್ಲೂ ಬರೆದು ಕಳಿಸಿ.