ಪತ್ತೇದಾರಿ ಕಾದಂಬರಿಯನ್ನು ಅದರ ಅಳತೆಗೋಲಿನಲ್ಲೇ ಅಳೆಯಬೇಕು

ನೀವು ಕೇಳಿದ್ದು ಇದು: "ಕನ್ನಡದ ಪತ್ತೇದಾರಿ ಕಾದಂಬರಿಗಳನ್ನು ವರ್ಷಗಟ್ಟಲೆ ಓದಿ, ಅವುಗಳ ಬಗ್ಗೆ ಬರೆಯುತ್ತಾ ಬಂದವರಿಗೆ ಕೊನೆಗೆ ಏನು ಸಿಗುತ್ತದೆ? ನಾನೂ ಬರೆಯಬೇಕು ಅಂತಿದೀನಿ. ಎಲ್ಲಿಂದ ಶುರು ಮಾಡಲಿ?"

ನನಗೆ ಸಿಕ್ಕಿದ್ದು ಓದುವ ಒಂದು ರೀತಿ. ಪುಸ್ತಕ ಏನು ಮಾಡಲು ಹೊರಟಿದೆ ಅಂತ ಮೊದಲು ನೋಡುವುದು. ಅದನ್ನು ಮಾಡಿತಾ ಇಲ್ಲವಾ ಅಂತ ಆಮೇಲೆ ಹೇಳುವುದು. ಕೇಳಿದರೆ ಇಷ್ಟೇನಾ ಅನ್ನಿಸಬಹುದು. ಆದರೆ ನಮ್ಮಲ್ಲಿ ಪತ್ತೇದಾರಿ ಕಾದಂಬರಿಗೆ ಈ ಮರ್ಯಾದೆ ಸಿಕ್ಕಿದ್ದು ತುಂಬಾ ಕಡಿಮೆ. "ಇದೂ ಸಾಹಿತ್ಯವಾ?" ಅನ್ನುವ ಪ್ರಶ್ನೆ ಮೊದಲು ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಸುಳಿವನ್ನು ಲೇಖಕ ಯಾವ ಪುಟದಲ್ಲಿ ಇಟ್ಟ, ನಮ್ಮ ಕಣ್ಣಿಗೆ ಬೀಳದ ಹಾಗೆ ಹೇಗೆ ಇಟ್ಟ, ಕೊನೆಗೆ ನ್ಯಾಯವಾಗಿ ಬಿಚ್ಚಿದನಾ ಅಂತ ಕೇಳುವವರೇ ಸಿಗುವುದಿಲ್ಲ.

ಎನ್. ನರಸಿಂಹಯ್ಯನವರನ್ನೇ ತಗೊಳ್ಳಿ. ಓದಿದ್ದು ನಾಲ್ಕನೇ ತರಗತಿ. ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ. ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಅಂತ ಅವರ ಪತ್ತೇದಾರರ ಹೆಸರು ಹೇಳಿದರೆ ಸಾಕು, ಅರವತ್ತು ದಾಟಿದ ಎಷ್ಟೋ ಜನರ ಮುಖ ಈಗಲೂ ಅರಳುತ್ತದೆ. "ಅವರದು ಸರಳ ಭಾಷೆ" ಅಂತ ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ನನಗೆ ಆ ಮಾತು ಸಾಲದು. ಅವರು ಬರೆಯಲು ಶುರು ಮಾಡಿದ್ದು 1950ರ ದಶಕದಲ್ಲಿ. 1951ರ ಜನಗಣತಿಯ ಪ್ರಕಾರ ಇಡೀ ದೇಶದಲ್ಲಿ ಓದು ಬರಹ ಬಲ್ಲವರು ಶೇ. 18ರಷ್ಟು. ಅಂಥ ಕಾಲದಲ್ಲಿ, ಆಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತ ಒಬ್ಬ ಮನುಷ್ಯ ದಿನವಿಡೀ ದುಡಿದು ಬಂದು ದೀಪದ ಮುಂದೆ ಕೂರುತ್ತಾನೆ. ಅವನು ಇನ್ನೊಂದು ಪುಟ ತಿರುಗಿಸಬೇಕು. ಅದಕ್ಕೆ ವಾಕ್ಯ ಚಿಕ್ಕದಿರಬೇಕು, ವರ್ಣನೆ ಕಡಿಮೆಯಿರಬೇಕು, ಮಾತುಕತೆ ಜಾಸ್ತಿ ಇರಬೇಕು, ಅಧ್ಯಾಯ ಮುಗಿಯುವ ಹೊತ್ತಿಗೆ ಏನೋ ಒಂದು ಆಗುವಂತಿರಬೇಕು. ಇದೆಲ್ಲ ತಾನಾಗಿ ಬರುವುದಿಲ್ಲ. ಬೇಕಾದರೆ ಕೂತು ಎರಡು ಪುಟ ಹಾಗೆ ಬರೆದು ನೋಡಿ.

ಆ ಪುಸ್ತಕಗಳಲ್ಲಿ ಒಗಟಿಗಿಂತ ಸಾಹಸ ಜಾಸ್ತಿ. ಬೆನ್ನಟ್ಟುವುದು, ವೇಷ ಮರೆಸುವುದು, ಸಿಕ್ಕಿಹಾಕಿಕೊಂಡು ತಪ್ಪಿಸಿಕೊಳ್ಳುವುದು. ಅವನ್ನು ಇಂಗ್ಲಿಷಿನ ಒಗಟಿನ ಕಾದಂಬರಿಗಳ ಪಕ್ಕ ಇಟ್ಟು "ಸುಳಿವೇ ಇಲ್ಲ" ಅಂದರೆ ಅನ್ಯಾಯ. ಅವು ಓಟದ ಕಥೆಗಳು. ಓಟ ಎಲ್ಲಾದರೂ ನಿಂತಿತಾ ಅಂತ ನೋಡಬೇಕು. ಟಿ.ಕೆ. ರಾಮರಾವ್ ಅವರದು ಬೇರೆ ದಾರಿ. 1972ರ 'ಬಂಗಾರದ ಮನುಷ್ಯ' ಚಿತ್ರದ ಮೂಲ ಕಾದಂಬರಿ ಅವರದು ಅನ್ನುವುದು ಬಹಳ ಜನಕ್ಕೆ ಗೊತ್ತು. ಸಸ್ಪೆನ್ಸ್ ಕಾದಂಬರಿಗಳೂ ಅದೇ ಕೈಯಿಂದ ಬಂದವು ಅನ್ನುವುದು ಅಷ್ಟು ಜನಕ್ಕೆ ಗೊತ್ತಿಲ್ಲ. ಅಲ್ಲಿ ಸಂಸಾರ, ಆಸ್ತಿ, ಹಳೆಯ ದ್ವೇಷ ಎಲ್ಲ ಸೇರಿಯೇ ಗುಟ್ಟು ಬೆಳೆಯುತ್ತದೆ. ಆ ಪುಸ್ತಕಕ್ಕೆ ಕೇಳಬೇಕಾದ ಪ್ರಶ್ನೆಯೂ ಬೇರೆ.

ನಾನು ಎಲ್ಲ ಪತ್ತೇದಾರಿಗೂ ಹಾಕುವ ಒಂದು ಪರೀಕ್ಷೆ ಇದೆ: ಎರಡನೇ ಓದು. ಕೊಲೆಗಾರ ಯಾರು ಅಂತ ಗೊತ್ತಾದ ಮೇಲೆ ಮತ್ತೆ ಮೊದಲಿನಿಂದ ಓದಿ. ಒಳ್ಳೆಯ ಕಾದಂಬರಿಯಲ್ಲಿ ಅವನು ಬಂದ ಪ್ರತಿ ಸಲವೂ ಬೇರೆಯೇ ಕಾಣುತ್ತಾನೆ. "ಕಾಫಿ ಬೇಡ, ಈಗಷ್ಟೇ ಕುಡಿದು ಬಂದೆ" ಅಂದಿದ್ದ ಒಂದು ಸಾಮಾನ್ಯ ಮಾತಿಗೆ ಈಗ ಅರ್ಥ ಬಂದಿರುತ್ತದೆ. ಸೋತ ಕಾದಂಬರಿಯಲ್ಲಿ ಅವನು ಕೊನೆಯ ಹತ್ತು ಪುಟದಲ್ಲಿ ಮಾತ್ರ ಕೊಲೆಗಾರ. ಅಲ್ಲಿಯವರೆಗೆ ಲೇಖಕನಿಗೇ ಗೊತ್ತಿರಲಿಲ್ಲ ಅನ್ನಿಸುತ್ತದೆ. ಈ ಪರೀಕ್ಷೆಯಲ್ಲಿ ಪಾಸಾಗುವ ಕನ್ನಡ ಪುಸ್ತಕಗಳು ನೀವಂದುಕೊಂಡಿದ್ದಕ್ಕಿಂತ ಜಾಸ್ತಿ ಇವೆ.

ಈಗ ನನಗೆ ತುಂಬಾ ಖುಷಿ ಕೊಟ್ಟ ಕೆಲಸದ ಬಗ್ಗೆ ಹೇಳುತ್ತೇನೆ. ಹಳೆಯ ಪತ್ತೇದಾರಿ ಪುಸ್ತಕಗಳಲ್ಲಿ ಎಷ್ಟೋ ಸಲ ಅಚ್ಚಾದ ವರ್ಷವೇ ಇರುವುದಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಿಂದ ಒಂದನ್ನು ಎತ್ತಿಕೊಂಡಿದ್ದೀರಿ ಅಂದುಕೊಳ್ಳಿ. ಅಂಗೈಯಗಲದ ಪುಸ್ತಕ. ಮುಖಪುಟದಲ್ಲಿ ಪಿಸ್ತೂಲು, ಹ್ಯಾಟು, ಹೆದರಿದ ಹೆಂಗಸು. ನ್ಯೂಸ್‌ಪ್ರಿಂಟ್ ಕಾಗದ ಕಂದು ಬಣ್ಣಕ್ಕೆ ತಿರುಗಿದೆ, ಮೂಲೆ ಮಡಚಿದರೆ ಮುರಿದೇ ಹೋಗುತ್ತದೆ. ಕಾಗದದಲ್ಲಿರುವ ಆಮ್ಲ ಅದನ್ನು ಒಳಗಿಂದಲೇ ತಿನ್ನುತ್ತಾ ಬಂದಿರುತ್ತದೆ. ವರ್ಷ ಎಲ್ಲೂ ಇಲ್ಲ. ಇಲ್ಲಿ ನೀವೇ ಪತ್ತೇದಾರರಾಗಬೇಕು.

ಮೊದಲು ಬೆಲೆ ನೋಡಿ. ಆಣೆಯಲ್ಲಿದ್ದರೆ, ಆಣೆ ಹೋಗಿ ರೂಪಾಯಿಗೆ ನೂರು ಪೈಸೆ ಆದ 1957ರ ಏಪ್ರಿಲ್‌ಗಿಂತ ಹಿಂದಿನದ್ದು, ಅಥವಾ ಆ ಬದಲಾವಣೆಯ ಆಸುಪಾಸಿನದ್ದು. "ನಯೇ ಪೈಸೆ" ಅಂತಿದ್ದರೆ ಹೆಚ್ಚಾಗಿ 1957ರಿಂದ 1964ರ ಒಳಗಿನದ್ದು. ಬರೀ "ಪೈಸೆ" ಇದ್ದರೆ ಆಮೇಲಿನದ್ದಿರಬಹುದು. ವಿಳಾಸದಲ್ಲಿ "ಮೈಸೂರು ರಾಜ್ಯ" ಅಂತಿದ್ದರೆ 1973ರ ನವೆಂಬರ್‌ಗಿಂತ ಮೊದಲಿನದ್ದು ಅಂತ ಊಹಿಸಬಹುದು. ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಪಿನ್ ಕೋಡ್ ಇಲ್ಲದಿದ್ದರೆ ಅದರಿಂದ ಏನೂ ಹೇಳಲು ಬರುವುದಿಲ್ಲ. "ಬೆಂಗಳೂರು-2" ಅಂತ ಬರೆಯುವ ರೂಢಿ ಅದಾದ ಮೇಲೂ ಎಷ್ಟೋ ಕಾಲ ಇತ್ತು. ಕೊನೆಯ ಪುಟದಲ್ಲಿ ಪ್ರಕಾಶಕರ ಬೇರೆ ಪುಸ್ತಕಗಳ ಪಟ್ಟಿ ಇರುತ್ತದೆ. ಅದರಲ್ಲಿ ಯಾವ ಹೆಸರಿದೆ, ಯಾವುದು ಇನ್ನೂ "ಅಚ್ಚಿನಲ್ಲಿ" ಇದೆ ಅಂತ ನೋಡಿದರೆ ಇನ್ನೂ ಹತ್ತಿರ ಬರುತ್ತೀರಿ. ಬಾಡಿಗೆ ಲೈಬ್ರರಿಯ ತಾರೀಖಿನ ಚೀಟಿ ಅಂಟಿಸಿದ್ದರಂತೂ ಭಾಗ್ಯ. ಅದರ ಮೊದಲ ತಾರೀಖಿಗಿಂತ ಪುಸ್ತಕ ಹಳೆಯದು ಅನ್ನುವುದು ಖಚಿತ. ಒಂದು ಕಡೆಯಿಂದ ಬೆಲೆ, ಇನ್ನೊಂದು ಕಡೆಯಿಂದ ಚೀಟಿ ಹಿಡಿದು ಎಳೆದರೆ ನಡುವೆ ನಾಲ್ಕೈದು ವರ್ಷ ಉಳಿಯುತ್ತದೆ.

ಆ ಚೀಟಿಯ ಪಕ್ಕದಲ್ಲಿ ಇನ್ನೂ ಏನೇನೋ ಸಿಗುತ್ತದೆ. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ "ಇವನೇ ಕೊಲೆಗಾರ" ಅಂತ ಬರೆದ ಯಾರದೋ ಕೈಬರಹ. ಅದರ ಕೆಳಗೆ ಇನ್ನೊಬ್ಬರ ಕೈಯಲ್ಲಿ "ಅಲ್ಲ". ಅಲ್ಲಿಗೆ ಬಂದಾಗ ನಾನು ಯಾವಾಗಲೂ ಸ್ವಲ್ಪ ಹೊತ್ತು ನಿಂತು ನೋಡುತ್ತೇನೆ. ಓದುಗರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಪುಟದಲ್ಲಿ ಜಗಳ ಆಡಿದ್ದಾರೆ. ಇಷ್ಟು ತೊಡಗಿಕೊಂಡು ಓದಿಸಿಕೊಂಡ ಪುಸ್ತಕ ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಹೆಚ್ಚೆಂದರೆ ಒಂದು ಪ್ಯಾರಾ.

ಟಿವಿ ಬಂದಿದ್ದರಿಂದ ಪತ್ತೇದಾರಿ ಹೋಯಿತು ಅನ್ನುತ್ತಾರೆ. ಉದಯ ಟಿವಿ ಶುರುವಾದದ್ದು 1994ರಲ್ಲಿ. ಸಂಜೆಯ ಹೊತ್ತು ಧಾರಾವಾಹಿಗಳ ಪಾಲಾಯಿತು ಅನ್ನುವುದು ನಿಜ. ಆದರೆ ನನ್ನ ಲೆಕ್ಕದಲ್ಲಿ ದೊಡ್ಡ ಪೆಟ್ಟು ಬಿದ್ದದ್ದು ಬಾಡಿಗೆ ಲೈಬ್ರರಿಗಳು ಮುಚ್ಚಿದಾಗ. ಪತ್ತೇದಾರಿಯನ್ನು ಜನ ಒಂದು ಸಲ ಓದುತ್ತಾರೆ. ಮನೆಯಲ್ಲಿ ಇಟ್ಟುಕೊಳ್ಳಲು ಕೊಳ್ಳುವುದಿಲ್ಲ. ಸ್ವಲ್ಪ ದುಡ್ಡು ಕೊಟ್ಟು ತಂದು, ಓದಿ, ನಾಳೆ ವಾಪಸ್ ಕೊಟ್ಟು ಇನ್ನೊಂದು ತರುವ ವ್ಯವಸ್ಥೆ ಇದ್ದಾಗ ಈ ಪುಸ್ತಕಗಳಿಗೆ ನೆಲೆ ಇತ್ತು. ಒಂದೇ ಪ್ರತಿ ನೂರಾರು ಕೈ ದಾಟುತ್ತಿತ್ತು. ಆ ಅಂಗಡಿ ಹೋದ ಮೇಲೆ ಇನ್ನೂರು ರೂಪಾಯಿ ಕೊಟ್ಟು ಒಂದು ರಾತ್ರಿಯ ಓದನ್ನು ಯಾರು ಕೊಳ್ಳುತ್ತಾರೆ, ಹೇಳಿ?

ಇನ್ನೊಂದು ಕಾರಣ ಕಥೆಯ ಒಳಗೇ ಇದೆ. ಬೇರೆ ಊರಿಗೆ ಫೋನ್ ಮಾಡಲು ಟ್ರಂಕ್ ಕಾಲ್ ಬುಕ್ ಮಾಡಿ ಕಾಯುವುದು, ತಡವಾಗಿ ಬಂದ ತಂತಿ, ಊರಿಗೆ ಹೋದವನ ಸುದ್ದಿಯೇ ಇಲ್ಲದಿರುವುದು ಇವೆಲ್ಲ ಹಳೆಯ ಕಥೆಗಳ ಕೀಲುಗಳು. ಮೊಬೈಲ್, ಸಿಸಿಟಿವಿ ಬಂದ ಮೇಲೆ ಕಾಣೆಯಾಗುವುದೇ ಕಷ್ಟ. ಈಗಿನ ಲೇಖಕ ಹೊಸ ಕೀಲು ಹುಡುಕಬೇಕು. ಕೆ.ಎನ್. ಗಣೇಶಯ್ಯನವರು ಅದನ್ನು ಇತಿಹಾಸದಲ್ಲಿ ಹುಡುಕಿದರು. ಕೃಷಿ ವಿಜ್ಞಾನಿಯಾದ ಅವರು ಶಾಸನ, ಶಿಲ್ಪ, ಹಳೆಯ ಕಾಲದ ಗುಟ್ಟುಗಳ ಸುತ್ತ ಕಥೆ ಕಟ್ಟಿ, ಯಾವ ಮಾತು ಯಾವ ಆಧಾರದಿಂದ ಬಂತು ಅಂತಲೂ ಕೊಡುತ್ತಾರೆ. ಓದುಗ ಕಥೆ ಮುಗಿಸಿ ಅಡಿಟಿಪ್ಪಣಿಯನ್ನೂ ಓದುತ್ತಾನೆ. ಇದು ನನಗೆ ಬಹಳ ಇಷ್ಟವಾದ ಬೆಳವಣಿಗೆ.

ಇನ್ನು ಪತ್ತೇದಾರಿಗೂ ಸಾಹಿತ್ಯಕ್ಕೂ ನಡುವಿನ ಗೋಡೆಯ ಮಾತು. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ತೇಜಸ್ವಿಯವರ 'ಚಿದಂಬರ ರಹಸ್ಯ'ಕ್ಕೆ. ಏಲಕ್ಕಿ ಬೆಳೆ ಯಾಕೆ ಕುಸಿಯಿತು, ಒಬ್ಬ ವಿಜ್ಞಾನಿ ಹೇಗೆ ಸತ್ತ ಅನ್ನುವ ತನಿಖೆ ಅದರೊಳಗಿದೆ. 1994ರ 'ಜುಗಾರಿ ಕ್ರಾಸ್' ಅಂತೂ ಥ್ರಿಲ್ಲರ್‌ನ ವೇಗದಲ್ಲೇ ಓಡುತ್ತದೆ. ತೇಜಸ್ವಿಯವರು ಪತ್ತೇದಾರಿಯ ಹತ್ಯಾರುಗಳನ್ನು ಸಂಕೋಚವಿಲ್ಲದೆ ಎತ್ತಿಕೊಂಡರು, ಅವುಗಳಿಂದ ಮಲೆನಾಡಿನ ಕಥೆ ಹೇಳಿದರು. ಹಾಗಾದರೆ ಆ ಹತ್ಯಾರುಗಳನ್ನು ದಶಕಗಟ್ಟಲೆ ಹರಿತ ಮಾಡಿ ಇಟ್ಟವರ ಬಗ್ಗೆಯೂ ನಾವು ಸರಿಯಾಗಿ ಬರೆಯಬೇಕು, ಅಲ್ವಾ?

ಬರೆಯುವಾಗ ಒಂದು ತೊಂದರೆ ಬರುತ್ತದೆ: ಕಥೆ ಎಷ್ಟು ಹೇಳಬೇಕು? ನಾನು ಮೊದಲ ಹೆಣ ಬೀಳುವವರೆಗೆ ಹೇಳುತ್ತೇನೆ, ಅಲ್ಲಿಗೆ ನಿಲ್ಲಿಸುತ್ತೇನೆ. ಅಂತ್ಯ ಚೆನ್ನಾಗಿಲ್ಲ ಅಂತ ಹೇಳಬೇಕಾದರೆ ಯಾಕೆ ಅನ್ನುವುದನ್ನು ಹೆಸರಿಲ್ಲದೆ ಹೇಳುವುದು ಕಲಿಯಬೇಕು. "ಪತ್ತೇದಾರನಿಗೆ ಗೊತ್ತಿದ್ದ ಒಂದು ಸಂಗತಿಯನ್ನು ನಮಗೆ ಕೊನೆಯವರೆಗೂ ಹೇಳಿಲ್ಲ" ಅಂದರೆ ಸಾಕು. ಓದುಗನಿಗೆ ವಿಷಯ ತಿಳಿಯುತ್ತದೆ, ಗುಟ್ಟೂ ಉಳಿಯುತ್ತದೆ.

ಪುಸ್ತಕ ಸಿಗುವುದೇ ಕಷ್ಟ ಅನ್ನುವುದನ್ನೂ ತಿಳಿದಿರಿ. ಲೇಖಕರು ತೀರಿಕೊಂಡು 60 ವರ್ಷ ಆಗುವವರೆಗೆ ಹಕ್ಕುಸ್ವಾಮ್ಯ ಇರುತ್ತದೆ. ನರಸಿಂಹಯ್ಯನವರು ತೀರಿಕೊಂಡದ್ದು 2011ರಲ್ಲಿ. ಅಂದರೆ ಅವರ ಪುಸ್ತಕಗಳು 2071 ಮುಗಿದ ಮೇಲೇ ಎಲ್ಲರ ಸ್ವತ್ತು. ಅಷ್ಟು ದಿನ ಆ ಕಾಗದ ಬಾಳುವುದಿಲ್ಲ. ಆದ್ದರಿಂದ ಕೈಗೆ ಬಂದ ಪುಸ್ತಕದ ಮುಖಪುಟ, ಒಳಪುಟ, ಬೆಲೆ, ವಿಳಾಸ, ಲೈಬ್ರರಿ ಮುದ್ರೆ ಎಲ್ಲ ಅವತ್ತೇ ಬರೆದಿಟ್ಟುಕೊಳ್ಳಿ. ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದಲ್ಲೂ ಕೇಳಿ ನೋಡಿ. ಊರಿನ ನೆಂಟರ ಮನೆಯ ಅಟ್ಟವನ್ನೂ ಮರೆಯಬೇಡಿ. ಒಳ್ಳೆಯದು ಎಷ್ಟೋ ಸಲ ಅಲ್ಲೇ ಇರುತ್ತದೆ.

ಶುರು ಎಲ್ಲಿಂದ ಅಂದರೆ, ನರಸಿಂಹಯ್ಯನವರದ್ದು ಒಂದು, ರಾಮರಾವ್ ಅವರದ್ದು ಒಂದು, ಗಣೇಶಯ್ಯನವರದ್ದು ಒಂದು ಓದಿ. ಮೂರನ್ನೂ ಎರಡೆರಡು ಸಲ. ಹೋಲಿಸಿ ಬರೆಯಲು ಹೋಗಬೇಡಿ, ಒಂದೊಂದನ್ನೇ ಬರೆಯಿರಿ. ಮೊದಲನೆಯದು ಬರೆದಾದ ಮೇಲೆ ಇಲ್ಲೇ ಹಾಕಿ. ನಾನು ಓದಿ, ಎಲ್ಲಿ ಒಪ್ಪಿಗೆಯಿಲ್ಲ ಅಂತ ಖಂಡಿತ ಹೇಳುತ್ತೇನೆ.