ಹಳೇ ಮಾಲಕರ ಲೆಟರ್ ಇಲ್ಲಂದ್ರ ಡ್ರೈವರ್ ಕೆಲಸ ಸಿಗೂದಿಲ್ಲೇನ್ರಿ?

ಪ್ರಶ್ನೆ: ಸರ್ ನಮಸ್ಕಾರ, ನಾನು ಶಿಗ್ಗಾಂವಿ ಕಡೆಯಾಂವ. ಹುಬ್ಬಳ್ಳಿಯ ಒಬ್ಬ ಮಾಲಕರ ಹತ್ರ 6 ವರ್ಷ ಹತ್ತು ಗಾಲಿ ಲಾರಿ ಹೊಡದೀನಿ, ಬ್ಯಾಡಗಿಯಿಂದ ಮೆಣಸಿನಕಾಯಿ ಲೋಡ್ ತುಂಬ್ಕೊಂಡು ಕೊಚ್ಚಿ, ಚೆನ್ನೈ ಅಂತ ಹೋಗ್ತಿದ್ದೆ. ಪಗಾರ ಕೈಯಾಗ ಕೊಡ್ತಿದ್ರು. ಮಾಲಕರು ತೀರ್ಕೊಂಡ್ರು, ಮಕ್ಕಳು ಗಾಡಿ ಮಾರಿದ್ರು. ಈಗ ತಾರಿಹಾಳದಾಗ ಒಂದ ಕಂಪನಿಗೆ ಹೋದ್ರ ಎಕ್ಸ್‌ಪೀರಿಯನ್ಸ್ ಲೆಟರ್ ತಗೊಂಬಾ ಅಂತಾರ. ಒಬ್ಬಾಂವ 1500 ರೂಪಾಯಿ ಕೊಟ್ರ ಲೆಟರ್ ಮಾಡಿಸಿ ಕೊಡ್ತೀನಿ ಅಂದಾನ. ತಗೋಳ್ಯೋ ಬ್ಯಾಡೋ?

ಉತ್ತರ: ಬ್ಯಾಡ ತಮ್ಮಾ, ಖಂಡಿತ ಬ್ಯಾಡ. ಕಂಪನಿಯವರು ಆ ಲೆಟರ್ ಮ್ಯಾಲಿನ ನಂಬರಿಗೆ ಒಂದ ಫೋನ್ ಹಚ್ಚಿದ್ರ ಎಲ್ಲಾ ಹೊರಗ ಬೀಳ್ತೈತಿ, ಆಮ್ಯಾಲ ನೀನು ಖರೇನ ದುಡದ 6 ವರ್ಷಾನೂ ಯಾರೂ ನಂಬೂದಿಲ್ಲ, ಮ್ಯಾಲ ಪೊಲೀಸ್ ಕೇಸೂ ಆಗಬಹುದು. ಮಾಲಕರು ತೀರ್ಕೊಂಡಾರ ಅಂತ ಇದ್ದದ್ದು ಇದ್ದಂಗ ಹೇಳು. ಅದರಾಗ ನಿನ್ನ ತಪ್ಪೇನೈತಿ?

ಈಗ ಪುರಾವೆ ಕೂಡ್ಸೂದು ನೋಡು. ಮೊದಲ ಆ ಮಾಲಕರ ಮಕ್ಕಳ ಹತ್ರ ಹೋಗು, ನಮ್ಮಪ್ಪನ ಕಡೆ ಇಂಥಾ ವರ್ಷದಿಂದ ಇಂಥಾ ವರ್ಷದ ತನಕ ಇಂಥಾ ನಂಬರಿನ ಗಾಡಿ ಹೊಡದಾನ ಅಂತ ಒಂದ ಹಾಳ್ಯಾಗ ಬರದು ಸಹಿ ಮಾಡಿ ಫೋನ್ ನಂಬರ್ ಹಾಕಿ ಕೊಡ್ರಿ ಅಂತ ಕೇಳು, ಗಾಡಿ ಮಾರಿದ್ರೂ ಅವರು ಇದನ್ನ ಬರದು ಕೊಡಬಹುದು. ಆಮ್ಯಾಲ ಬ್ಯಾಡಗಿಯೊಳಗ ನೀನು ಲೋಡ್ ತುಂಬತಿದ್ದ ದಲಾಲಿ ಅಂಗಡಿ, ಬುಕಿಂಗ್ ಆಫೀಸ್, ಅಲ್ಲಿ ನಿನ್ನ ಮುಖ ಗೊತ್ತಿದ್ದವರು ಇರ್ತಾರ, ಹಳೇ ಬಿಲ್ಟಿ (ಲೋಡಿನ ರಸೀದಿ) ಮ್ಯಾಲ ಡ್ರೈವರ್ ಹೆಸರು ಸಹಿ ಇದ್ರ ಅದರ ಫೋಟೋ ತಗೋ. ಬಾಟಾ (ಟ್ರಿಪ್ಪಿನ ಖರ್ಚಿನ ಭತ್ಯೆ), ಡೀಸಲ್ ರೊಕ್ಕ ಒಮ್ಮೊಮ್ಮಿ ಫೋನ್‌ಪೇದಾಗ ಬಂದಿರ್ತೈತಿ, ಬ್ಯಾಂಕಿಗೆ ಹೋಗಿ ಸ್ಟೇಟ್‌ಮೆಂಟ್ ತೆಗಸು, ಮಾಲಕರ ಹೆಸರಿನಿಂದ ಬಂದ ಒಂದೊಂದು ಎಂಟ್ರಿನೂ ಒಂದೊಂದು ಸಾಕ್ಷಿ. ನಿನ್ನ ಲೈಸೆನ್ಸ್‌ನಾಗ ಹೆವಿ ಗಾಡಿಗೆ ಪರವಾನಿಗಿ ಸಿಕ್ಕ ತಾರೀಖು ಇರ್ತೈತಿ, ಅದನ್ನೂ ತೋರಿಸು.

ಪಿಎಫ್ ಇದ್ದವರಿಗೆ ಈ ತ್ರಾಸಿಲ್ಲ. 20 ಮಂದಿ ಮತ್ತ ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದ ಕಡೆ ಪಿಎಫ್ ಕಾಯ್ದೆ ಬರ್ತೈತಿ, ಯುಎಎನ್ ಅನ್ನೋ ಪಿಎಫ್ ನಂಬರ್ ಹಾಕಿ ನೋಡಿದ್ರ ಎಲ್ಲಿ ಸೇರಿದಿ, ಎಂದ ಬಿಟ್ಟಿ ಎಲ್ಲಾ ಕಾಣ್ತೈತಿ. ಬಿಟ್ಟ ತಾರೀಖು ಕಂಪನಿ ಹಾಕಿಲ್ಲಂದ್ರ, ಕೊನೇ ರೊಕ್ಕ ಜಮಾ ಆಗಿ 2 ತಿಂಗಳ ಆದ ಮ್ಯಾಲ ನೀವ ಆನ್‌ಲೈನ್‌ನಾಗ ಹಾಕಬಹುದು. ಆದ್ರ ನಮ್ಮ ಕಡೆ ಒಂದ ಎರಡ ಗಾಡಿ ಮಾಲಕರೇ ಹೆಚ್ಚು, ಅಲ್ಲಿ ಇದೆಲ್ಲಾ ಇರೂದಿಲ್ಲ.

ಅಮೆರಿಕಾದಾಗ ಲಾರಿ ಡ್ರೈವರ್‌ನ ತಗೋಬೇಕಂದ್ರ ಅವನ ಹಿಂದಿನ 3 ವರ್ಷದ ಮಾಲಕರನ್ನ ಕೇಳಲೇಬೇಕು ಅಂತ ಕಾನೂನು ಐತಿ, ಹಳೇ ಮಾಲಕ 30 ದಿನದೊಳಗ ಉತ್ತರ ಕೊಡಬೇಕು, ಅದರಾಗ ತಪ್ಪಿದ್ರ ತಿದ್ದಿಸೋ ಹಕ್ಕು ಡ್ರೈವರ್‌ಗೆ ಐತಿ. ನಮ್ಮಲ್ಲಿ ಎಲ್ಲಾ ಫೋನ್ ಮಾತಿನ ಮ್ಯಾಲ ನಡೀತೈತಿ. ನಾನು ಟ್ರಾನ್ಸ್‌ಪೋರ್ಟ್ ಆಫೀಸಿನಾಗ ಲೆಕ್ಕ ಬರೀತಿದ್ದಾಗ ಗದಗ ಕಡೆಯ ಒಬ್ಬ ಹುಡುಗನ್ನ ಹಳೇ ಮಾಲಕನ ಒಂದ ಫೋನ್ ಮಾತು ಕೇಳಿ ವಾಪಸ್ ಕಳಿಸಿದ್ದೆ, ಅವ ಜಗಳಗಂಟ ಅಂದಿದ್ದ ಆ ಮಾಲಕ. ಆರು ತಿಂಗಳ ಮ್ಯಾಲ ಗೊತ್ತಾತು, ಮೂರು ಟ್ರಿಪ್ಪಿನ ಬಾಟಾ ಬಾಕಿ ಕೇಳಿದ್ದ ಅಷ್ಟ ಅವನ ಜಗಳ. ಆ ಹುಡುಗನ ಮಾರಿ ಇನ್ನೂ ನನ್ನ ಕಣ್ಣ ಮುಂದ ಐತಿ. ಅದಕ್ಕ ಹೇಳ್ತೀನಿ, ಹೊಸ ಕೆಲಸಕ್ಕ ಸೇರಿದ ದಿನದಿಂದ ಒಂದ ನೋಟ್‌ಬುಕ್ ಇಟ್ಕೋ, ಗಾಡಿ ನಂಬರ್, ತಾರೀಖು, ಎಲ್ಲಿಂದ ಎಲ್ಲಿಗೆ, ಬಂದ ರೊಕ್ಕ ಎಲ್ಲಾ ಬರಿ, ಮತ್ತ ವರ್ಷಕ್ಕೊಮ್ಮಿ ಸಂಬಂಧ ಚಲೋ ಇದ್ದಾಗನ ಮಾಲಕರ ಕಡೆ ಒಂದ ಲೆಟರ್ ಬರಸ್ಕೊಂಡು ಬಿಡು, ಬಿಡೋ ಮುಂದ ಕೇಳಿದ್ರ ಯಾರೂ ಕೊಡೂದಿಲ್ಲ.

ಪ್ರಶ್ನೆ: ನಂದು ಗದಗದಾಗ ಎರಡ ಲಾರಿ ಅದಾವ. ಹೊಸ ಡ್ರೈವರ್ ಹೇಳೋದು ಖರೇನೋ ಸುಳ್ಳೋ ಹೆಂಗ ತಿಳ್ಕೋಬೇಕ್ರಿ?

ಉತ್ತರ: ಸಾವಕಾರ್ರ, ಮೊದಲ ಲೈಸೆನ್ಸ್ ನೋಡ್ರಿ. ಸರ್ಕಾರದ ಪರಿವಹನ್ ವೆಬ್‌ಸೈಟಿನಾಗ ಲೈಸೆನ್ಸ್ ನಂಬರ್, ಹುಟ್ಟಿದ ತಾರೀಖು ಹಾಕಿದ್ರ ಯಾವ ಗಾಡಿಗೆ ಐತಿ, ಎಂದಿನ ತನಕ ಐತಿ ಎಲ್ಲಾ ಬರ್ತೈತಿ. 2024ರ ನವೆಂಬರ್‌ನಾಗ ಸುಪ್ರೀಂ ಕೋರ್ಟ್ ಹೇಳಿದ್ದೇನಂದ್ರ ಎಲ್‌ಎಮ್‌ವಿ (ಹಗುರ ಗಾಡಿ) ಲೈಸೆನ್ಸ್ ಇದ್ದಾಂವ 7500 ಕೆಜಿ ಒಳಗಿನ ಟ್ರಾನ್ಸ್‌ಪೋರ್ಟ್ ಗಾಡಿ ಹೊಡೀಬಹುದು, ಅದಕ್ಕ ಪಿಕಪ್ ಹೊಡದಾಂವ ಹತ್ತು ಗಾಲಿ ಗಾಡಿಗೆ ಬಂದ್ರ ಹೆವಿ ಐತೋ ಇಲ್ಲೋ ನೋಡಲೇಬೇಕು. ಇದನ್ನ ನೋಡದ ಗಾಡಿ ಕೊಟ್ಟು ನಾಳೆ ಅಪಘಾತ ಆದ್ರ ಇನ್ಶುರೆನ್ಸ್ ಕಂಪನಿ ನಿಮ್ಮ ಕಡೆ ಬೊಟ್ಟು ಮಾಡ್ತೈತಿ.

ಹಳೇ ಮಾಲಕನ್ನ ಕೇಳೋ ಮುಂದ, ಮನಷ್ಯಾ ಹೆಂಗ ಅಂತ ಕೇಳಬ್ಯಾಡ್ರಿ. ಎಷ್ಟ ವರ್ಷ ಇದ್ದ, ಯಾವ ಗಾಡಿ, ಅಪಘಾತ ಆಗಿತ್ತೇನು, ಬಾಕಿ ಲೆಕ್ಕ ಮುಗಿದೈತೇನು, ಇಷ್ಟ ಕೇಳ್ರಿ. ಕೊನೇದ್ದು ಮರೀಬ್ಯಾಡ್ರಿ, ಡ್ರೈವರ್ ಮ್ಯಾಲ ಸಿಟ್ಟು ಎಲ್ಲಿಂದ ಬಂತು ಅನ್ನೂದು ಅಲ್ಲೇ ತಿಳೀತೈತಿ. ಆಮ್ಯಾಲ ಒಂದ ಲೋಡ್ ಟ್ರಿಪ್ಪಿಗೆ ಜೋಡಿ ಹೋಗ್ರಿ, ಅಂಕೋಲಾ ಕಡೆ ಲೋಡ್ ಇದ್ರ ಭಾಳ ಚಲೋ. ಅರಬೈಲ್ ಘಾಟ್ ಇಳಿಯೋ ಮುಂದ ಸಣ್ಣ ಗೇರಿನಾಗ ಎಂಜಿನ್ ಮ್ಯಾಲ ಗಾಡಿ ಹಿಡದು ಇಳಸ್ತಾನೋ, ಡೀಸಲ್ ಉಳಸಾಕ ನ್ಯೂಟ್ರಲ್ ಮಾಡಿ ಬರೇ ಬ್ರೇಕ್ ಮ್ಯಾಲ ಬಿಡ್ತಾನೋ ನೋಡ್ರಿ. ಆರು ವರ್ಷ ಲೋಡ್ ಹೊಡದಾಂವನ ಕೈ ಅಲ್ಲೇ ಗೊತ್ತಾಗ್ತೈತಿ.

ಪ್ರಶ್ನೆ: ರಾಣೆಬೆನ್ನೂರಿನಾಂವ ನಾನು. ಕೆಲಸ ಬಿಟ್ಟೆ ಅಂತ ಮಾಲಕರು ನನ್ನ ಒರಿಜಿನಲ್ ಲೈಸೆನ್ಸ್ ಇಟ್ಕೊಂಡು ಕುಂತಾರ.

ಉತ್ತರ: ಲೈಸೆನ್ಸ್ ನಿಂದು, ಅದನ್ನ ಒತ್ತೆ ಇಟ್ಕೊಳ್ಳಾಕ ಅವರಿಗೆ ಹಕ್ಕಿಲ್ಲ. ವಾಪಸ್ ಕೊಡ್ರಿ ಅಂತ ವಾಟ್ಸಾಪ್‌ನಾಗ ಬರದು ಕೇಳು, ಕೊಡ್ಲಿಲ್ಲಂದ್ರ ಆ ಮೆಸೇಜ್ ತೋರ್ಸಿ ಠಾಣೇಕ ಅರ್ಜಿ ಕೊಡು. ಕಳದೈತಿ ಅಂತ ಸುಳ್ಳು ಬರದು ಡುಪ್ಲಿಕೇಟ್ ಮಾಡಿಸಬ್ಯಾಡ. ಅಲ್ಲಿ ತನಕ ಸರ್ಕಾರದ ಆ್ಯಪ್ ಡಿಜಿಲಾಕರ್‌ನಾಗಿನ ಲೈಸೆನ್ಸ್ ತೋರಿಸು, 2018ರಿಂದ ಅದನ್ನ ಒರಿಜಿನಲ್‌ಗೆ ಸಮ ಅಂತ ಒಪ್ಪಬೇಕು ಅಂತ ಕೇಂದ್ರ ಸರ್ಕಾರ ಹೇಳೈತಿ. ಮುಂದಿನ ಮಾಲಕರಿಗೆ ಜೆರಾಕ್ಸ್ ಅಷ್ಟ ಕೊಡು.